ಎಡಿಟರ್ ಅಕ್ಕ ಹುಡುಕಿದ ಸದ್ದಿಲ್ಲದ ಕಾರ್ಡು

ಎಡಿಟರ್ ಅಕ್ಕನ ಬಲಗಿವಿಯಲ್ಲಿ ಓಲೆ ಇರುತ್ತಿರಲಿಲ್ಲ. ಹೆಡ್‌ಫೋನಿನ ಮೆತ್ತೆ ಒತ್ತಿ ನೋಯುತ್ತದೆಂದು ಅದನ್ನು ಬಿಚ್ಚಿಟ್ಟಿದ್ದರು. ಎಡಗಿವಿಯಲ್ಲಿ ಮಾತ್ರ ಕೆಂಪು ಹರಳಿನ ಒಂಟಿ ಓಲೆ. ಹೆಡ್‌ಫೋನಿನ ಎಡಭಾಗವನ್ನು ಕಿವಿಯ ಹಿಂದಕ್ಕೆ ಸರಿಸಿ, ಅಲ್ಲಿಯ ಕೂದಲನ್ನೂ ಹಿಂದಕ್ಕೆ ಸಿಕ್ಕಿಸಿ, ಆ ಕಿವಿಯನ್ನು ತೆರೆದಿಟ್ಟುಕೊಂಡೇ ಕೂರುತ್ತಿದ್ದರು. ಬಲಗಿವಿಯಲ್ಲಿ ಯಾರದೋ ಮದುವೆಯ ನಾದಸ್ವರ. ಎಡಗಿವಿಯಲ್ಲಿ, ಬೆನ್ನ ಹಿಂದಿನ ಮಂಚದ ಮೇಲೆ ಮಲಗಿದ್ದ ಗಂಡನ ಉಸಿರು.

ನಾನು ನಂಜನಗೂಡಿನಲ್ಲಿ ಮದುವೆಗಳ ಫೋಟೊ, ವಿಡಿಯೊ ತೆಗೆಯುವವನು. ಕ್ಯಾಮೆರಾ ಹಿಡಿದು ದಿನವಿಡೀ ನಿಲ್ಲಬಲ್ಲೆ. ಆದರೆ ಆಮೇಲೆ ಆ ರಾಶಿಯನ್ನು ಕತ್ತರಿಸಿ, ಜೋಡಿಸಿ, ಹಾಡು ಸೇರಿಸಿ ಒಂದು ಹದಕ್ಕೆ ತರುವ ತಾಳ್ಮೆ ನನಗಿಲ್ಲ. ನನ್ನಂಥವರು ಸುತ್ತಮುತ್ತ ಬಹಳ ಮಂದಿ ಇದ್ದೆವು. ನಮ್ಮೆಲ್ಲರ ಹಾರ್ಡ್ ಡಿಸ್ಕುಗಳು ಟಿ. ನರಸೀಪುರದ ಅಕ್ಕನ ಮನೆಗೆ ಹೋಗುತ್ತಿದ್ದವು. ಮುಂದೊಂದು ಕೋಣೆ, ಹಿಂದೊಂದು ಅಡುಗೆಮನೆ, ಅಷ್ಟೇ ಇದ್ದ ಮನೆ. ಬೋರ್ಡು ಗೀರ್ಡು ಏನೂ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಎಡಿಟರ್ ಅಕ್ಕನ ಮನೆ ಎಂದರೆ ಆಟೊದವರು ಕರೆತಂದು ಬಿಡುತ್ತಿದ್ದರು.

ಮದುವೆಗೆ ಮುಂಚೆ ಅವರು ನಂಜನಗೂಡಿನ ಸ್ಟುಡಿಯೊ ಒಂದರಲ್ಲಿ ಆಲ್ಬಮ್ಮಿಗೆ ಫೋಟೊ ಅಂಟಿಸುವ ಕೆಲಸಕ್ಕಿದ್ದವರು. ಅಲ್ಲಿನ ಕಂಪ್ಯೂಟರ್ ಮುಂದೆ ನಿಂತು ನೋಡಿ ನೋಡಿಯೇ ಎಡಿಟಿಂಗ್ ಕಲಿತರಂತೆ. ಮದುವೆಯಾದ ಮೇಲೆ ಗಂಡನೇ ಮನೆಗೆ ಕಂಪ್ಯೂಟರ್ ತಂದು ಜೋಡಿಸಿಕೊಟ್ಟರು. ಅವರು ತಾಂಡ್ಯದ ಫ್ಯಾಕ್ಟರಿಯೊಂದರಲ್ಲಿ ಮೆಷಿನ್ ಆಪರೇಟರ್. ಯಂತ್ರಗಳೆಂದರೆ ಪ್ರೀತಿ. ಎಡಿಟಿಂಗಿಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು, ಅದಿಲ್ಲದಿದ್ದರೆ ಎರಡು ಮಾನಿಟರ್ ಹಾಕಲಾಗುವುದಿಲ್ಲ, ಎಫೆಕ್ಟುಗಳೂ ಓಡುವುದಿಲ್ಲ ಎಂದು ಯಾರೋ ಹೇಳಿದ್ದಕ್ಕೆ, ಗೇಮ್ ಆಡುವ ಹುಡುಗರು ಬಳಸಿ ಮಾರಿದ್ದ ದೊಡ್ಡದೊಂದು ಕಾರ್ಡನ್ನು ಮೈಸೂರಿನಿಂದ ಹೊತ್ತು ತಂದಿದ್ದರು. ಅದಕ್ಕೆ ಎರಡು ಫ್ಯಾನು. ಕೆಲಸ ಹೆಚ್ಚಾದಾಗ ಅದು ಹೂಂಗುಡುವ ಸದ್ದು ಬೀದಿಗೆ ಕೇಳುತ್ತಿತ್ತು. ನಾವೆಲ್ಲ ಭಾವ ಎನ್ನುತ್ತಿದ್ದ ಅಕ್ಕನ ಗಂಡನಿಗೆ ಅದೇ ಹೆಮ್ಮೆ. ನಾನು ಮೊದಲ ಸಲ ಹೋದಾಗ ಬಾಗಿಲಲ್ಲೇ ನಿಲ್ಲಿಸಿ, "ಕೇಳ್ರೀ, ಎಂಗೆ ಸದ್ದು ಮಾಡ್ತದೆ. ನಮ್ ಫ್ಯಾಕ್ಟ್ರಿ ಮಿಷನ್ನೇ ಮನೇಲಿದ್ದಂಗೆ" ಎಂದಿದ್ದರು.

ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವರಿರಬಹುದು. ಮಾತು ಕಡಿಮೆ. ನಾನು ತೆಗೆದದ್ದನ್ನು ನೋಡಿ ತಪ್ಪು ತೋರಿಸುವಾಗ ಮಾತ್ರ ಬಾಯಿ ಬರುತ್ತಿತ್ತು. "ಧಾರೆ ಎರೆಯೋವಾಗ ಎಲ್ಲಾ ಕ್ಯಾಮೆರಾನೂ ನೀರಿನ್ ಮೇಲೇ ಇಡ್ತೀರಲ್ಲಪ್ಪ, ಹಿಂದುಗಡೆ ನಿಂತಿರೋ ಅವ್ವನ ಮುಖ ಯಾರು ತೆಗೀಬೇಕು?" ಎಂದು ಕೇಳಿದ್ದು ಇಂದಿಗೂ ಪ್ರತಿ ಮದುವೆಯಲ್ಲೂ ನೆನಪಾಗುತ್ತದೆ. ಇನ್ನೊಂದು ಅಭ್ಯಾಸವೆಂದರೆ, ಬೇರೆಯವರು ಸಿನಿಮಾ ಹಾಡು ತುಂಬಿ ಮದುವೆಮನೆಯ ಗಲಾಟೆಯನ್ನೆಲ್ಲ ಅಳಿಸಿ ಹಾಕುತ್ತಿದ್ದರೆ ಇವರು ಹಾಡಿನ ಕೆಳಗೆ ಆ ಗಲಾಟೆಯನ್ನು ಸಣ್ಣಗೆ ಉಳಿಸುತ್ತಿದ್ದರು. ಬಳೆ ಸದ್ದು, ಮಕ್ಕಳ ಅಳು, ಅಡುಗೆಯವನು ಯಾರನ್ನೋ ಬಯ್ಯುವುದು. "ಇದ್ಯಾಕಕ್ಕ?" ಎಂದರೆ, "ಇನ್ನ್ ಹತ್ತು ವರ್ಷಕ್ಕೆ ಅವ್ರು ಕೇಳೋದು ಇದ್ನೇ, ಹಾಡ್ನಲ್ಲ" ಅನ್ನುತ್ತಿದ್ದರು.

ಭಾವನಿಗೆ ಅಪಘಾತವಾದದ್ದು ಫ್ಯಾಕ್ಟರಿಯಿಂದ ಬೈಕಿನಲ್ಲಿ ಮನೆಗೆ ಬರುವಾಗ. ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೈಲರೊಂದು ರಸ್ತೆಯಂಚಿನಲ್ಲಿ ಕೆಟ್ಟು ನಿಂತಿತ್ತು. ಹಿಂದೆ ದೀಪವಿರಲಿಲ್ಲ. ಮಬ್ಬುಗತ್ತಲು. ಕತ್ತಿನ ಮೂಳೆ ಮುರಿಯಿತು. ಮೈಸೂರಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡು, ಇನ್ನು ನಮ್ಮಿಂದ ಆಗುವುದು ಏನೂ ಇಲ್ಲ ಎಂದು ಕಳಿಸಿದಾಗ ಕತ್ತಿನ ಕೆಳಗೆ ಅವರಿಗೆ ಸ್ವಾಧೀನವೇ ಉಳಿದಿರಲಿಲ್ಲ. ಗಂಟಲಿಗೆ ತೂತು ಮಾಡಿ ಒಂದು ನಳಿಗೆ ಕೂರಿಸಿದ್ದರು. ಉಸಿರು ಅದರಲ್ಲೇ ಆಡಬೇಕು. ಮಾತು ನಿಂತುಹೋಯಿತು. ಆಗಾಗ ಆ ನಳಿಗೆಯಲ್ಲಿ ಕಫ ಕಟ್ಟಿಕೊಳ್ಳುತ್ತಿತ್ತು. ಕಟ್ಟಿಕೊಳ್ಳುವ ಮೊದಲು ಉಸಿರಿನ ಸದ್ದು ಬದಲಾಗುತ್ತದೆ, ಗೊರಗೊರ ಅನ್ನುತ್ತದೆ, ಆಮೇಲೆ ಸಣ್ಣಗೆ ಸಿಳ್ಳೆಯಂತೆ ಆಗುತ್ತದೆ. ಸಿಳ್ಳೆಯಾಗುವ ಮೊದಲೇ ಎದ್ದು ಸಣ್ಣ ಪೈಪು ಬಿಟ್ಟು ಮೆಷಿನ್ನಿನಿಂದ ಕಫ ಎಳೆಯಬೇಕು. ನರ್ಸಮ್ಮ ಹೇಳಿಕೊಟ್ಟದ್ದನ್ನು ಅಕ್ಕ ಕಲಿತರು. ಅವರ ಅತ್ತೆಗೆ ಕೈ ನಡುಗುತ್ತಿದ್ದುದರಿಂದ ಆ ಕೆಲಸ ಅಕ್ಕನೊಬ್ಬರದೇ ಆಯಿತು.

ಭಾವನಿಗೆ ಉಳಿದಿದ್ದ ಮಾತೆಂದರೆ ನಾಲಿಗೆಯಲ್ಲಿ ಲೊಚ್ ಎನ್ನುವುದು. ಬಾಯಾರಿದರೆ, ನೊಣ ಕೂತರೆ, ಮಗ್ಗುಲು ಬದಲಿಸಬೇಕಾದರೆ ಲೊಚ್. ಹೌದು ಎನ್ನಲು ಕಣ್ಣು ಮುಚ್ಚುತ್ತಿದ್ದರು. ಹೆಂಚು ನೋಡಿಕೊಂಡು ಮಲಗಿರುವ ಮನುಷ್ಯನಿಗೆ ಬೇಸರವೆಂದು ಅಕ್ಕ ಎರಡನೆಯ ಮಾನಿಟರನ್ನು ಗೋಡೆಗೆ ಒಂದು ಹಲಗೆ ಹೊಡೆಸಿ ಮಂಚದ ಕಡೆ ತಿರುಗಿಸಿಟ್ಟರು. ಒಂದರಲ್ಲಿ ತಾವು ತುಂಡುಗಳನ್ನು ಜೋಡಿಸುವುದು, ಇನ್ನೊಂದರಲ್ಲಿ ಜೋಡಿಸಿದ್ದು ಓಡುವುದು. ಭಾವ ದಿನವೆಲ್ಲ ಮಲಗಿ ಊರವರ ಮದುವೆ ನೋಡುತ್ತಿದ್ದರು. ಒಂದೇ ದೃಶ್ಯ ಎರಡು ಸಲ ಬಂದರೆ ಲೊಚ್ ಅನ್ನುತ್ತಿದ್ದರು. ಅಕ್ಕ ತಿರುಗದೆಯೇ, "ಗೊತ್ತಾಯ್ತು ತಡೀರಿ, ತೆಗೀತೀನಿ" ಎನ್ನುವುದನ್ನು ನಾನೇ ಕೇಳಿದ್ದೇನೆ.

ಒಂದು ಮಧ್ಯಾಹ್ನ ನಾನು ಮಂಟಪವೊಂದರಲ್ಲಿ ಆರತಕ್ಷತೆಗೆ ಲೈಟು ಕಟ್ಟಿಸುತ್ತಿದ್ದಾಗ ಅಕ್ಕನ ಫೋನು ಬಂತು. ಅವರು ಎಂದೂ ತಾವಾಗಿ ಫೋನು ಮಾಡುವವರಲ್ಲ.

"ಸದ್ದು ಮಾಡದೇ ಇರೋ ಕಾರ್ಡ್ ಸಿಗ್ತದೇನಪ್ಪ? ಎರಡು ಮಾನಿಟರ್‌ಗೂ ಆಗ್ಬೇಕು. ಸದ್ದು ಮಾತ್ರ ಬರ್ಬಾರ್ದು."

"ಯಾಕಕ್ಕ, ಕೆಟ್ಟೋಯ್ತಾ?"

"ಕೆಟ್ಟಿಲ್ಲ. ನೀನ್ ಬಾ, ಹೇಳ್ತೀನಿ."

ಮಾರನೆಯ ದಿನ ಹೋದೆ. ಕಂಪ್ಯೂಟರ್ ಆಫ್ ಆಗಿತ್ತು. ಅಕ್ಕ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು. ನಡೆದದ್ದನ್ನು ಹೇಳುವಾಗ ಅವರ ದನಿಯಲ್ಲಿ ಏರಿಳಿತವೇ ಇರಲಿಲ್ಲ. ಅತ್ತೆ ರೇಷನ್ ಅಂಗಡಿಗೆ ಹೋಗಿದ್ದರಂತೆ. ಇವರು ಒಂದು ಮದುವೆಯ ಶುರುವಿನ ಹೆಸರುಗಳಿಗೆ ಎಫೆಕ್ಟ್ ಹಾಕುತ್ತಿದ್ದರು. ಕಾರ್ಡಿನ ಫ್ಯಾನುಗಳು ಜೋರಾಗಿ ಓಡುತ್ತಿದ್ದವು. ಎಂದಿನಂತೆ ಒಂದು ಕಿವಿ ತೆರೆದೇ ಇತ್ತು. ನೀರಿನ ಚೊಂಬಿಗೆ ಕೈ ಹಾಕಲು ತಿರುಗಿದವರು ಗಂಡನ ಮುಖ ನೋಡಿದರು. ತುಟಿ, ಉಗುರು ಎಲ್ಲ ನೇರಳೆ ಬಣ್ಣಕ್ಕೆ ತಿರುಗಿತ್ತು. ಕಣ್ಣು ಇವರನ್ನೇ ನೋಡುತ್ತಿತ್ತು. ಹೇಗೆ ಪೈಪು ಬಿಟ್ಟರೋ, ಹೇಗೆ ಎಳೆದರೋ ಅವರಿಗೇ ನೆನಪಿಲ್ಲ. ಉಸಿರು ಮರಳಿತು.

"ಆಮೇಲ್ ಕೇಳ್ದೆ ಕಣಪ್ಪ ಅವ್ರನ್ನ. ಕರೆದ್ರಾ ನನ್ನ ಅಂತ." ಅಕ್ಕ ಸೆರಗಿನ ತುದಿ ತಿರುವುತ್ತ ಹೇಳಿದರು. "ಕಣ್ ಮುಚ್ಚುದ್ರು. ಬಾಳ ಹೊತ್ತು ಕರೆದ್ರಾ ಅಂದೆ. ಇನ್ನೊಂದ್ ಸಲ ಮುಚ್ಚುದ್ರು. ನಂಗೆ ಕೇಳ್ನಿಲ್ಲ. ಇಷ್ಟ್ ಹತ್ರದಲ್ಲಿ ಕೂತ್ಕಂಡು ಕೇಳ್ನಿಲ್ಲ."

ಭಾವ ಹೆಂಚು ನೋಡುತ್ತಿದ್ದರು. ನಾನು ಇಬ್ಬರ ಮುಖವನ್ನೂ ನೋಡಲಾಗದೆ ಕಂಪ್ಯೂಟರ್ ಪೆಟ್ಟಿಗೆಯನ್ನು ನೋಡಿದೆ. ಅದರ ಒಳಗೆ ಕೂತಿದ್ದುದು ಭಾವನೇ ಅಷ್ಟು ಆಸೆಯಿಂದ ಹೊತ್ತು ತಂದಿದ್ದ ಕಾರ್ಡು.

ಇನ್ನು ಎಡಿಟಿಂಗ್ ಬಿಟ್ಟುಬಿಡಿ ಎನ್ನುವ ಹಾಗಿರಲಿಲ್ಲ. ಆ ಮನೆಯ ಅನ್ನ, ಭಾವನ ಔಷಧ ಎರಡೂ ಅದರಿಂದಲೇ ಬರಬೇಕಿತ್ತು. ಪೆಟ್ಟಿಗೆಯನ್ನೇ ಅಡುಗೆಮನೆಗೆ ಸಾಗಿಸಿ ಉದ್ದನೆಯ ಕೇಬಲ್ ಎಳೆದು ನೋಡಿದೆವು. ಒಂದು ಮಾನಿಟರ್ ಮಿಣಕು ಮಿಣಕು ಅನ್ನತೊಡಗಿತು. ಒಗ್ಗರಣೆಯ ಜಿಡ್ಡು ಕೂತು ಫ್ಯಾನು ಇನ್ನಷ್ಟು ಕಿರುಚಿತು. ವಾರದೊಳಗೆ ಇಲಿ ಒಂದು ವೈರನ್ನು ಕಡಿದುಹಾಕಿತು. ನಂಜನಗೂಡಿನ ರಿಪೇರಿಯವನನ್ನು ಕೇಳಿದರೆ ಕಾರ್ಡ್ ತೆಗೆದೇ ಬಿಡಿ ಎಂದ, ಆಮೇಲೆ ಈ ಪ್ರೊಸೆಸರಿನಲ್ಲಿ ಕಾರ್ಡಿಲ್ಲದೆ ಚಿತ್ರವೇ ಬರುವುದಿಲ್ಲ ಎಂದು ಅವನೇ ತಲೆ ಕೆರೆದುಕೊಂಡ. ಒಂದೇ ಮಾನಿಟರ್ ಸಾಕಲ್ಲ, ಚಿಕ್ಕ ಕಾರ್ಡೊಂದನ್ನು ಹಾಕಿಕೊಡುತ್ತೇನೆ ಎಂದೂ ಹೇಳಿದ. ಅದನ್ನು ಅಕ್ಕನಿಗೆ ತಿಳಿಸಿದೆ.

"ಅವ್ರದ್ನ ಕಿತ್ಕಂಡು ನಾನ್ ನೋಡ್ಲಾ?" ಎಂದರು. ಆ ಮಾತು ಅಲ್ಲಿಗೆ ಮುಗಿಯಿತು.

ಕೊನೆಗೆ ಮೈಸೂರಿಗೇ ಹೋಗುವುದೆಂದಾಯಿತು. ಪಕ್ಕದ ಮನೆಯ ನರ್ಸಿಂಗ್ ಓದುತ್ತಿದ್ದ ಹೆಣ್ಣುಮಗಳು ರಜೆಯಲ್ಲಿ ಊರಿಗೆ ಬಂದಿದ್ದಳು. ಅವಳನ್ನು ಮಂಚದ ಪಕ್ಕ ಕೂರಿಸಿ ಅಕ್ಕ ನನ್ನ ಬೈಕು ಹತ್ತಿದರು. ಆಸ್ಪತ್ರೆಯಿಂದ ಗಂಡನನ್ನು ಕರೆತಂದ ಮೇಲೆ ಅವರು ಊರು ದಾಟಿದ್ದು ಅದೇ ಮೊದಲು. ದಾರಿಯುದ್ದಕ್ಕೂ ಒಂದು ಕೈಯಲ್ಲಿ ಫೋನನ್ನು ಬಿಗಿಯಾಗಿ ಹಿಡಿದಿದ್ದರು.

ಅಂಗಡಿ ಕಂಪ್ಯೂಟರ್ ಭಾಗಗಳನ್ನು ಮಾರುವ ಸಾಲಿನಲ್ಲಿತ್ತು. ಅಂಗಡಿಯವರು ನಡುವಯಸ್ಸಿನವರು, ಚುರುಕು ಮಾತಿನವರು. ವಿಡಿಯೊ ಎಡಿಟಿಂಗ್ ಎಂದ ಕೂಡಲೇ ಗಾಜಿನ ಬೀರುವಿನಿಂದ ಮೂರು ಫ್ಯಾನಿನ, ಬಣ್ಣ ಬಣ್ಣದ ದೀಪ ಮಿನುಗುವ ಕಾರ್ಡೊಂದನ್ನು ತೆಗೆದಿಟ್ಟರು.

"ಇದ್ ಹಾಕ್ಕೊಳಿ ಮೇಡಂ. ಎಂಥ ದೊಡ್ಡ ಫೈಲ್ ಆದ್ರೂ ನೀರ್ ಕುಡಿದಂಗೆ ಓಡುತ್ತೆ."

"ಸದ್ದು?" ಅಕ್ಕ ಕೇಳಿದರು.

"ಸೈಲೆಂಟು ಮೇಡಂ. ಫ್ಯಾನು ತಾನಾಗೇ ನಿಂತ್ಬಿಡುತ್ತೆ."

"ಯಾವಾಗ ನಿಲ್ತದೆ?"

"ಕೆಲಸ ಇಲ್ಲದಾಗ."

"ಕೆಲಸ ಇದ್ದಾಗ?"

ಅಂಗಡಿಯವರು ನಕ್ಕರು. "ಆಗ ಸ್ವಲ್ಪ ಬರುತ್ತೆ. ಅದೇನ್ ತೊಂದ್ರೆ ಆಗಲ್ಲ ಬಿಡಿ ಮೇಡಂ. ಹೆಡ್‌ಫೋನ್ ಹಾಕ್ಕೊಂಡ್ರೆ ಗೊತ್ತೇ ಆಗಲ್ಲ."

ಅಕ್ಕ ಫೋನನ್ನು ಕೌಂಟರಿನ ಮೇಲಿಟ್ಟು ಒಂದು ರೆಕಾರ್ಡಿಂಗ್ ಹಾಕಿದರು. ಒದ್ದೆ ಬಟ್ಟೆಯ ಮೂಲಕ ಗಾಳಿ ಎಳೆದಂಥ ಸದ್ದು. ಎಳೆಯುವುದು, ಬಿಡುವುದು. ನಡುವೆ ಗೊರಗೊರ. ಆಮೇಲೆ ಸಿಳ್ಳೆಯಂಥದೊಂದು ಎಳೆ, ಅದರ ಹಿಂದೆಯೇ ಲೊಚ್, ಲೊಚ್.

"ಏನ್ ಮೇಡಂ ಇದು, ಯಾವುದಾದ್ರೂ ಪಂಪಾ?"

"ನಮ್ಮನೆಯೋರು" ಎಂದರು ಅಕ್ಕ. "ನಾನ್ ಕೆಲ್ಸ ಮಾಡೋವಾಗ ಇದು ಕೇಳ್ಬೇಕು ನಂಗೆ."

ಪಕ್ಕದಲ್ಲಿ ಕೀಬೋರ್ಡು ನೋಡುತ್ತಿದ್ದ ಗಿರಾಕಿಯೊಬ್ಬರು ಅದನ್ನು ಮೆಲ್ಲಗೆ ಕೆಳಗಿಟ್ಟರು. ಅಂಗಡಿಯವರು ದೀಪದ ಕಾರ್ಡನ್ನು ಪೆಟ್ಟಿಗೆಗೆ ಸೇರಿಸಿ, "ಒಳಗೆ ಬನ್ನಿ" ಎಂದರು.

ಹಿಂದಿನ ರಿಪೇರಿ ಕೋಣೆಯಲ್ಲಿ ಅವರು ಬಾಗಿಲು ಹಾಕಿದರು. ಸೀಲಿಂಗ್ ಫ್ಯಾನು ನಿಲ್ಲಿಸಿದರು. ಒಂದು ಕಂಪ್ಯೂಟರಿನ ಮುಚ್ಚಳ ತೆಗೆದು ಕಾರ್ಡುಗಳನ್ನು ಒಂದೊಂದಾಗಿ ಹಾಕತೊಡಗಿದರು. ಮನೆಯಲ್ಲಿ ಮಂಚ ಎಷ್ಟು ದೂರವಿದೆಯೆಂದು ಅವರು ಕೇಳಿದರು, ಅಷ್ಟೇ ದೂರದ ಸ್ಟೂಲಿನ ಮೇಲೆ ಫೋನನ್ನು ನಾನು ಇಟ್ಟೆ. ಅದರ ದನಿ ಭಾವನ ಉಸಿರಿನಷ್ಟೇ ಇರುವಂತೆ ಅಕ್ಕನೇ ಹೊಂದಿಸಿದರು. ಆಮೇಲೆ ಅದಕ್ಕೆ ಬೆನ್ನು ಮಾಡಿ, ಬ್ಯಾಗಿನಲ್ಲಿ ತಂದಿದ್ದ ತಮ್ಮ ಹೆಡ್‌ಫೋನನ್ನು ಬಲಗಿವಿಗೆ ಹಾಕಿ ಕೂತರು.

ಮೊದಲ ಕಾರ್ಡಿಗೆ ಒಂದು ದೊಡ್ಡ ವಿಡಿಯೊ ಕೆಲಸ ಕೊಟ್ಟಾಗ ಫ್ಯಾನು ಏರಿತು. ಅಕ್ಕ ತಲೆ ಅಲ್ಲಾಡಿಸಿದರು. ಇನ್ನೊಂದರ ಸದ್ದು ನನಗಂತೂ ಗೊತ್ತೇ ಆಗಲಿಲ್ಲ. ಅಕ್ಕ ಬಹಳ ಹೊತ್ತು ಕೇಳಿ, "ಗೊರಗೊರ ಕೇಳ್ತದೆ. ಸಿಳ್ಳೆ ಇದ್ರೊಳಗೆ ಸೇರ್ಕೊಂಬುಡ್ತದೆ" ಎಂದರು. ಅಂಗಡಿಯವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಸೀಲಿಂಗ್ ಫ್ಯಾನು ಹಾಕಿ ಎಂದು ಮಾತ್ರ ಯಾರೂ ಅನ್ನಲಿಲ್ಲ.

ಅವರು ಮೇಲಿನ ಅಟ್ಟಣಿಗೆಯಲ್ಲಿ ಹುಡುಕಾಡಿ ಧೂಳು ಹಿಡಿದ ಒಂದು ಸಣ್ಣ ಪೆಟ್ಟಿಗೆ ತಂದರು. ಒಳಗಿದ್ದ ಕಾರ್ಡಿಗೆ ಫ್ಯಾನೇ ಇರಲಿಲ್ಲ. ಬಾಚಣಿಗೆ ಹಲ್ಲಿನಂತೆ ಒತ್ತೊತ್ತಾಗಿ ಎದ್ದ ಅಲ್ಯುಮಿನಿಯಂ ರೆಕ್ಕೆಗಳು, ಅಷ್ಟೇ. ಬಿಸಿ ತಾನಾಗಿ ಆರಬೇಕು. ಹಿಂಭಾಗದಲ್ಲಿ ಎರಡು ಮಾನಿಟರಿಗೆ ಎರಡು ಕಂಡಿ.

"ಮೇಡಂ, ಒಂದ್ ಮಾತ್ ಹೇಳ್ಬಿಡ್ತೀನಿ. ಇದನ್ನ ಆಫೀಸಿನವರು ತಗೋತಾರೆ. ಎಡಿಟಿಂಗಿಗೆ ಅಂತ ನಾನ್ ಯಾರಿಗೂ ಕೊಟ್ಟಿಲ್ಲ. ನಿಮ್ಮ ಎಫೆಕ್ಟುಗಳಲ್ಲಿ ಅರ್ಧ ಓಡಲ್ಲ. ಕೆಲಸ ತುಂಬಾ ನಿಧಾನ ಆಗುತ್ತೆ. ಬೇಸಿಗೇಲಿ ಬಿಸಿ ಬೇರೆ ಏರುತ್ತೆ."

"ಹಾಕಿ, ನೋಡೋಣ."

ಹಾಕಿದರು. ಪ್ರೊಸೆಸರಿನ ಚಿಕ್ಕ ಫ್ಯಾನು ಕೊಯ್ಯೆನ್ನುತ್ತಿದ್ದುದನ್ನು ಕಂಡು ಅದನ್ನೂ ತೆಗೆದು, ನಿಧಾನಕ್ಕೆ ತಿರುಗುವ ಅಗಲವಾದದ್ದನ್ನು ಕೂರಿಸಿದರು. ವಿಡಿಯೊ ತಡವರಿಸುತ್ತ ತಡವರಿಸುತ್ತ ಓಡಿತು. ಅಕ್ಕ ಕಣ್ಣು ಮುಚ್ಚಿ ಕೂತಿದ್ದರು. ಕೋಣೆಯಲ್ಲಿ ಭಾವನ ಉಸಿರು ಮಾತ್ರ ಆಡುತ್ತಿತ್ತು. ಎಳೆಯುವುದು, ಬಿಡುವುದು. ಗೊರಗೊರ ಬಂತು. ಅದರ ಮೇಲೆ ಕೂದಲೆಳೆಯಂತೆ ಸಿಳ್ಳೆ ಎದ್ದಿತು. ಅಕ್ಕನ ಬಲಗೈ ಕುರ್ಚಿಯ ತೋಳಿನಿಂದ ತಟ್ಟನೆ ಮೇಲೆದ್ದಿತು, ಪೈಪು ಹಿಡಿಯಲು ಹೊರಟಂತೆ. ಆಮೇಲೆ ತಾವೆಲ್ಲಿದ್ದೇವೆಂದು ನೆನಪಾಗಿ ಕೆಳಗಿಳಿಯಿತು.

"ಇದೇ ಇರ್ಲಿ" ಎಂದರು.

ಅಂಗಡಿಯವರು ಬಾಗಿಲ ತನಕ ಬಂದರು. "ಗಾಳಿಯಾಡೋ ಕಡೆ ಇಡಿ ಮೇಡಂ. ಪಕ್ಕದ ಮುಚ್ಚಳ ತೆಗೆದೇ ಇಡಿ. ಏನಾದ್ರೂ ಆದ್ರೆ ಫೋನ್ ಮಾಡಿ, ನಾನೇ ಬರ್ತೀನಿ" ಎಂದರು. ಬಂದಾಗಿನ ಚುರುಕು ಅವರ ಮಾತಿನಲ್ಲಿ ಉಳಿದಿರಲಿಲ್ಲ.

ಮನೆಯಲ್ಲಿ ಆ ಕಾರ್ಡನ್ನೂ ಅಗಲದ ಫ್ಯಾನನ್ನೂ ಕೂರಿಸಿ, ಕಿಟಕಿಯ ಕೆಳಗೆ ಕಲ್ಲು ಚಪ್ಪಡಿಯ ಮೇಲೆ ಪೆಟ್ಟಿಗೆ ಇಟ್ಟೆವು. ಸ್ವಿಚ್ ಹಾಕಿದಾಗ ಅತ್ತೆ, "ಆನಾಯ್ತಾ? ಓಡ್ತಾನೇ ಇಲ್ವಲ್ಲ" ಎಂದು ಪೆಟ್ಟಿಗೆಗೆ ಕಿವಿಯಿಟ್ಟು ನೋಡಿದರು. ದೊಡ್ಡ ಫೈಲುಗಳನ್ನು ಮೊದಲು ಚಿಕ್ಕದು ಮಾಡಿಕೊಂಡು ಅದರಲ್ಲಿ ಕತ್ತರಿಸುವುದನ್ನು ಅಕ್ಕ ರೂಢಿಸಿಕೊಂಡರು. ಕೊನೆಯಲ್ಲಿ ಪೂರ್ತಿ ವಿಡಿಯೊವನ್ನು ಕಂಪ್ಯೂಟರಿನಿಂದ ಹೊರತೆಗೆಯುವುದನ್ನು ಬೆಳಗಿನ ತಂಪಿಗೆ ಇಟ್ಟುಕೊಂಡರು. ಹಾರುವ ಹೂವು, ತಿರುಗುವ ಹೆಸರು, ಉರಿಯುವ ಹೃದಯ ಇವೆಲ್ಲ ಅವರ ವಿಡಿಯೊಗಳಿಂದ ಮಾಯವಾದವು. ಕೆಲವು ಸ್ಟುಡಿಯೊದವರು, ಕಸ್ಟಮರ್ ಕೇಳುತ್ತಾರೆ ಎಂದು ಬೇರೆಯವರ ಹತ್ತಿರ ಹೋದರು. ಅಕ್ಕ ಯಾರನ್ನೂ ತಡೆಯಲಿಲ್ಲ. ಮುಂದಿನ ಎರಡು ವರ್ಷ ಆ ಕೋಣೆಯಲ್ಲಿ ಕ್ಯಾಲೆಂಡರಿನ ಹಾಳೆ ಅಲ್ಲಾಡಿದರೂ ಕೇಳುತ್ತಿತ್ತು. ನಾವು ಹೋದವರೂ ಪಿಸುಮಾತಿನಲ್ಲಿ ಮಾತಾಡುವುದನ್ನು ಕಲಿತೆವು. ಭಾವ ಒಂದು ಸಲ ಕರೆದರೆ ಸಾಕಿತ್ತು, ಅಕ್ಕ ಏಳುತ್ತಿದ್ದರು.

ಆದರೆ ಮಲಗಿದ ಮೈ ಎಷ್ಟು ದಿನ ತಡೆದೀತು. ಬೆನ್ನಿನ ಹುಣ್ಣುಗಳು ಮಾಯಲಿಲ್ಲ. ಒಂದು ಚಳಿಗಾಲದಲ್ಲಿ ಶ್ವಾಸಕೋಶಕ್ಕೆ ಸೋಂಕು ಹತ್ತಿತು. ಮೈಸೂರಿನಲ್ಲಿ ಮತ್ತೆ ಕೆಲವು ದಿನ ಇಟ್ಟುಕೊಂಡು, ಮನೆಗೇ ಕರೆದುಕೊಂಡು ಹೋಗಿ ಎಂದರು. ಹಾಗೆಂದರೆ ಏನೆಂದು ಎಲ್ಲರಿಗೂ ತಿಳಿದಿತ್ತು. ಒಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಪ್ರಾಣ ಹೋಯಿತು. ಅಕ್ಕ ಪಕ್ಕದಲ್ಲೇ ಇದ್ದರು. ಎಳೆಯಬೇಕಾದ ಕಫವನ್ನೆಲ್ಲ ಎಳೆದಿದ್ದರು.

ನಾನು ಹೋಗುವ ಹೊತ್ತಿಗೆ ವಿಭೂತಿ ಹಚ್ಚಿ ಹಾರ ಹಾಕಿದ್ದರು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುವುದು. ವರ್ಷಗಳಿಂದ ಮಡಚದೆ ಸೆಟೆದಿದ್ದ ಕಾಲುಗಳನ್ನು ಮಡಚಿ ಕೂರಿಸಲು ನಾಲ್ಕು ಜನ ಗಂಡಸರು ಒದ್ದಾಡಬೇಕಾಯಿತು. ಮೂಳೆ ಲಟಕ್ಕೆಂದದ್ದು ಅಂಗಳದಲ್ಲಿದ್ದವರಿಗೆಲ್ಲ ಕೇಳಿಸಿತು. ಅತ್ತೆ, "ಮೆಲ್ಲುಗ್ ಇಡ್ಕಳ್ರಪ್ಪ, ನೋಯ್ತದೆ" ಎಂದರು. ಅಕ್ಕ ಗೋಡೆಗೆ ಒರಗಿ ನಿಂತಿದ್ದರು. ನನ್ನನ್ನು ಕಂಡು ಹೇಳಿದ್ದು ಒಂದೇ ಮಾತು.

"ಎಲ್ಲಾ ಕೇಳುಸ್ತು ಕಣಪ್ಪ. ಕೊನೇದ್ರವರ್ಗೂ ಒಂದೂ ಬಿಡ್ದೆ ಕೇಳುಸ್ತು."

ಅದನ್ನು ಅವರು ಸಮಾಧಾನಕ್ಕೆ ಹೇಳಿದರೋ, ಸಂಕಟಕ್ಕೆ ಹೇಳಿದರೋ ನನಗೆ ಇವತ್ತಿಗೂ ತಿಳಿಯದು. ಎರಡೂ ಇದ್ದಿರಬೇಕು.

ಆಮೇಲೆ ಆದದ್ದು ಇನ್ನೂ ಕೆಟ್ಟದ್ದು. ಎಡಿಟಿಂಗ್ ಕಡಿಮೆಯಾಗುತ್ತ ಬಂತು. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೊನೆಗೆ ನನಗೆ ಹೇಳಿದವರು ಕವಲಂದೆ ಕಡೆಯ ಒಬ್ಬ ಹುಡುಗಿಯ ಸೋದರಮಾವ. ಮದುವೆಯ ಶೂಟಿಂಗಿಗೆ ಮಾತಾಡಲು ಬಂದವರು, "ಎಡಿಟಿಂಗು ಎಲ್ಲಿ ಮಾಡುಸ್ತೀರಿ?" ಎಂದರು. ನಾನು ಹೇಳಿದೆ.

"ಗಂಡ ಸತ್ತೋದ್ ಆಯಮ್ಮನ ಕೈಲಾ? ಬ್ಯಾಡ ಕಣ್ರೀ. ನಮ್ ಎಣ್ಮಗು ತಾಳಿ ಕಟ್ಟುಸ್ಕಳದ್ನ ಮೊದ್ಲು ಅವ್ರು ನೋಡದಾ? ಬ್ಯಾರೆ ಕಡೆ ಕೊಡಿ."

"ಅಂಗಾದ್ರೆ ಶೂಟಿಂಗೂ ಬ್ಯಾರೆಯವ್ರಿಂದ್ಲೇ ಮಾಡ್ಸಿ" ಎಂದೆ. ಅವರು ಎದ್ದು ಹೋದರು.

ಈ ಸುದ್ದಿ ಹೇಗೋ ಅಕ್ಕನ ಕಿವಿಗೆ ಬಿತ್ತು. ಮುಂದಿನ ಸಲ ಹೋದಾಗ ನನ್ನ ಹಾರ್ಡ್ ಡಿಸ್ಕನ್ನು ಅವರು ಮುಟ್ಟಲೇ ಇಲ್ಲ. "ನಿಂಗೆ ಹೆಂಡ್ತಿ ಮಕ್ಳಿಲ್ವಾ? ನಂಗೋಸ್ಕರ ಗಿರಾಕಿ ಕಳಕಂಡು ಏನ್ ತಿಂತೀಯ?" ಎಂದು ಗದರಿದರು. ಹೀಗೆ ಗದರಿದ್ದು ಅದೇ ಮೊದಲು. ಆಮೇಲೆ ದನಿ ತಗ್ಗಿಸಿ, "ಅವ್ರಿಗೆ ಭಯ ಕಣಪ್ಪ. ಭಯ ಬಿದ್ದೋರ್ನ ಏನ್ ಮಾಡಕಾಯ್ತದೆ. ನಾನೇ ಮದ್ವೆ ಕೆಲ್ಸ ಬಿಟ್ಟಿದ್ದೀನಿ" ಎಂದರು.

ಕೆಲವು ತಿಂಗಳು ಅವರು ಏನು ಮಾಡಿದರೋ ಗೊತ್ತಿಲ್ಲ. ಅತ್ತೆ ಬೀಡಿ ಅಂಗಡಿಯ ಮುಂದೆ ಸೊಪ್ಪು ಮಾರಲು ಕೂತದ್ದನ್ನು ಒಮ್ಮೆ ಕಂಡೆ. ಆಮೇಲೆ ಸತ್ತವರ ವಿಡಿಯೊಗಳು ಅಕ್ಕನ ಹತ್ತಿರ ಬರತೊಡಗಿದವು. ಹನ್ನೊಂದನೆಯ ದಿನದ ಶಿವಗಣಾರಾಧನೆಯಲ್ಲಿ, ತಿಥಿಗಳಲ್ಲಿ, ತೀರಿಕೊಂಡವರ ಫೋಟೊಗಳನ್ನು ಜೋಡಿಸಿ ದೊಡ್ಡ ಪರದೆಯ ಮೇಲೆ ಹಾಕುವುದು ಈಗ ನಮ್ಮ ಕಡೆ ರೂಢಿಯಾಗಿದೆ. ಆ ಕೆಲಸಕ್ಕೆ ವಿಧವೆಯ ಕೈ ಯಾರಿಗೂ ಅಡ್ಡಿಯಾಗಲಿಲ್ಲ. ಅದೇ ಕೋಣೆ, ಅದೇ ಎರಡು ಮಾನಿಟರ್. ಮಂಚವಿದ್ದ ಜಾಗ ಖಾಲಿ. ಅಕ್ಕ ಹೊಸ ಕಾರ್ಡ್ ಹಾಕಿಸಿಕೊಳ್ಳಲಿಲ್ಲ. "ಸತ್ತೋರ್ ಫೋಟೊಗೆ ಎಫೆಕ್ಟ್ ಯಾಕೆ" ಎಂದರು.

ನನ್ನಪ್ಪ ತೀರಿಕೊಂಡದ್ದು ಅದರ ಮರುವರ್ಷ. ಹೊಲದಿಂದ ಬಂದು ಕೈಕಾಲು ತೊಳೆದು ಜಗಲಿಯ ಮೇಲೆ ಕೂತವರು ಹಾಗೆಯೇ ವಾಲಿದರು. ಆರಾಧನೆಗೆ ವಿಡಿಯೊ ಬೇಕೆಂದು ತಮ್ಮಂದಿರು ಹೇಳಿದಾಗಲೇ ನನಗೆ ಹೊಳೆದದ್ದು, ಊರವರ ಅಪ್ಪಂದಿರನ್ನೆಲ್ಲ ತೆಗೆದ ನನ್ನ ಹತ್ತಿರ ನನ್ನ ಅಪ್ಪನದೊಂದು ವಿಡಿಯೊ ಇಲ್ಲ. ಅವರಿಗೆ ಕ್ಯಾಮೆರಾ ಕಂಡರೆ ನಾಚಿಕೆ. ಎತ್ತಿದರೆ ಸಾಕು, ಟವೆಲ್ ಕೊಡವಿಕೊಂಡು ಆಚೆ ಹೋಗಿಬಿಡುತ್ತಿದ್ದರು. ಸಿಕ್ಕಿದ್ದು ನಾಲ್ಕೈದು ಫೋಟೊ, ಅದರಲ್ಲೊಂದು ಆಧಾರ್ ಕಾರ್ಡಿನದು. ತೆಗೆದುಕೊಂಡು ಅಕ್ಕನ ಮನೆಗೆ ಹೋದೆ.

ಅವರು ಫೋಟೊಗಳನ್ನು ನೋಡಿ, "ನಿಮ್ಮಪ್ಪ ಮುಡುಕುತೊರೆ ಮದ್ವೆಗೆ ಬಂದಿದ್ರಲ್ವಾ?" ಎಂದರು.

ಬಂದಿದ್ದರು. ಗಂಡಿನ ಕಡೆಯವರು ನಮ್ಮ ನೆಂಟರು. ಆದರೆ ಆ ಮದುವೆಯಾಗಿ ಎಷ್ಟೋ ವರ್ಷವಾಗಿತ್ತು. ಅಪ್ಪ ಅದರಲ್ಲಿ ಎಲ್ಲೂ ಬಿದ್ದಿಲ್ಲ ಎಂದೆ.

"ಮೂರ್ ದಿನ ಬಿಟ್ ಬಾ" ಎಂದರು.

ಹೋದೆ. ಅಕ್ಕ ನನ್ನನ್ನು ತಮ್ಮ ಕುರ್ಚಿಯ ಮೇಲೆ ಕೂರಿಸಿದರು. ಹಳೆಯ ಮದುವೆಗಳ ಕತ್ತರಿಸದ ಪ್ರತಿಗಳನ್ನು ನಾವ್ಯಾರೂ ಇಟ್ಟುಕೊಂಡಿರಲಿಲ್ಲ, ಜಾಗ ಸಾಲದೆಂದು ಅಳಿಸುತ್ತಿದ್ದೆವು. ಅವರು ಇಟ್ಟಿದ್ದರು. ಪರದೆಯ ಮೇಲೆ ಖಾಲಿ ಮಂಟಪ ಕಾಣಿಸಿತು. ಜನ ಊಟಕ್ಕೆ ಹೋದ ಹೊತ್ತು. ನಾನು ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಬಿಟ್ಟು, ನಿಲ್ಲಿಸಲು ಮರೆತು, ಅಲ್ಲೇ ಪಕ್ಕದಲ್ಲಿ ವೈರು ಸುತ್ತುತ್ತಿದ್ದಿರಬೇಕು. ಪ್ಲಾಸ್ಟಿಕ್ ಕುರ್ಚಿಗಳು, ಉದುರಿದ ಹೂವು, ಒಂದು ನಾಯಿ. ನೋಡಲು ಏನೂ ಇಲ್ಲ. ಆಮೇಲೆ ಕ್ಯಾಮೆರಾದ ಹಿಂದಿನಿಂದ ದನಿ ಬಂತು.

"ಮಗಾ, ಉಣ್ಣಾಕ್ ಬಾ. ಎಲೆ ಆಕವ್ರೆ."

"ಬತ್ತೀನಿ ಓಗಪ್ಪ" ಎಂದದ್ದು ನಾನು.

"ಬೆಳುಗ್ಗಿಂದ ಏನೂ ತಿಂದಿಲ್ಲ ನೀನು. ಕ್ಯಾಮ್ರಾನ ಯಾರೂ ಒತ್ಕಂಡೋಗಕಿಲ್ಲ, ನಾನ್ ಕಾಯ್ತೀನಿ. ಓಗು, ಉಂಡ್ಬಾ."

ಅಷ್ಟೇ. ಚಪ್ಪಲಿ ಸದ್ದು, ಕುರ್ಚಿ ಎಳೆದ ಸದ್ದು. ಆಮೇಲೆ ಬಹಳ ಹೊತ್ತು ಖಾಲಿ ಮಂಟಪ, ಮತ್ತು ಅಪ್ಪ ಕ್ಯಾಮೆರಾ ಕಾಯುತ್ತ ಆಗಾಗ ಕೆಮ್ಮುವುದು.

"ಆವತ್ತು ಕಟ್ ಮಾಡೋವಾಗ ಕೇಳಿದ್ದೆ" ಎಂದರು ಅಕ್ಕ, ಮಂಚವಿದ್ದ ಜಾಗದ ಕಡೆ ತಿರುಗಿ. "ಇವ್ರೂ ಕೇಳುಸ್ಕಂಡು ಕಣ್ಣಲ್ಲೇ ನಕ್ಕಿದ್ರು. ತೆಗ್ದಾಕಕೆ ಮನ್ಸು ಬರ್ನಿಲ್ಲ."

ಅವರು ಎದ್ದು ಅಡುಗೆಮನೆಗೆ ಹೋಗಿ ಕಾಫಿಗೆ ಇಟ್ಟರು, ನಾನು ಒಬ್ಬನೇ ಇರಲಿ ಎಂದು.

ಆರಾಧನೆಯ ದಿನ ಫೋಟೊಗಳೆಲ್ಲ ಮುಗಿದ ಮೇಲೆ ಪರದೆಯ ಮೇಲೆ ಆ ಖಾಲಿ ಮಂಟಪ ಬಂತು. ಅಕ್ಕ ಅದಕ್ಕೆ ಹಾಡು ಸೇರಿಸಿರಲಿಲ್ಲ. ಜನ ಇದೇನೆಂದು ಮುಖ ಮುಖ ನೋಡಿಕೊಂಡರು. ದನಿ ಬಂದಾಗ ಹೆಂಗಸರ ನಡುವೆ ಕೂತಿದ್ದ ಅವ್ವ ಪರದೆಯನ್ನು ನೋಡಲಿಲ್ಲ. ಬಾಗಿಲ ಕಡೆ ತಿರುಗಿದಳು.

ಅಕ್ಕ ಈಗಲೂ ಟಿ. ನರಸೀಪುರದ ಅದೇ ಕೋಣೆಯಲ್ಲಿ ಸತ್ತವರ ಫೋಟೊ ಜೋಡಿಸುತ್ತಿದ್ದಾರೆ. ನಾನು ಅವರಿಗೆ ಮಾಡಿದ್ದು ಬಹಳ ಕಡಿಮೆ, ಮೈಸೂರಿನ ತನಕ ಬೈಕು ಓಡಿಸಿದ್ದೆ ಅಷ್ಟೆ. ಅವರು ನನಗೆ ಕೊಟ್ಟದ್ದು ನನ್ನ ಫೋನಿನಲ್ಲಿದೆ. ಕೆಲಸ ಮುಗಿಸಿ ಮನೆಗೆ ಬಂದು ಊಟಕ್ಕೆ ಕೂತಾಗ ಒಮ್ಮೊಮ್ಮೆ ಅವ್ವ ಅನ್ನ ಬಡಿಸುವುದನ್ನು ನಿಲ್ಲಿಸಿ, "ಅದ್ನೊಸಿ ಆಕು ಮಗ" ಅನ್ನುತ್ತಾಳೆ. ಹಾಕುತ್ತೇನೆ. ಉಣ್ಣಾಕ್ ಬಾ ಎಂದು ಅಪ್ಪ ಕರೆಯುತ್ತಾರೆ. ಅವ್ವ ಮುಗಿಯುವ ತನಕ ಕೇಳಿ ಆಮೇಲೆ ಬಡಿಸುತ್ತಾಳೆ.